ಕೆಂಪು ಅಂದರೆ ಮೊದಲು

ವಿಶ್ವವಿದ್ಯಾಲಯದ ಹಣಕಾಸನ್ನೆಲ್ಲ ಒಂದೇ ಪರದೆಯಲ್ಲಿ, ಕಣ್ಣಾಡಿಸಿದರೆ ಸಾಕು ಅರ್ಥವಾಗಬೇಕು, ಹಾಗೆ ತೋರಿಸುವ ಕೆಲಸ ಒಪ್ಪಂದದ ಮೇಲೆ ಅವಳಿಗೆ ಸಿಕ್ಕಿತ್ತು. ಮೂರು ತಿಂಗಳು ಕೂತು ಮಾಡಿದಳು. ವಿಭಾಗಕ್ಕೊಂದು ಚೌಕ. ಕೈಯಲ್ಲಿ ಹಣವಿದ್ದರೆ ಹಸಿರು, ಮಿತಿ ಮೀರಿ ಖರ್ಚು ಮಾಡಿದ್ದರೆ ಕೆಂಪು. ಮನೆಯಲ್ಲಿ ತೋರಿಸಿದಾಗ ಅತ್ತೆ ಕನ್ನಡಕ ಏರಿಸಿ, "ಈ ಕೆಂಪಿನವರಿಗೆ ಏನೋ ಕಷ್ಟ ಕಣೇ. ಮೊದಲು ಇವರನ್ನ ನೋಡು," ಎಂದಿದ್ದರು. ಅತ್ತೆಗೆ ಲೆಕ್ಕ ತಿಳಿಯದು ಎಂದುಕೊಂಡು ಸೊಸೆ ಅದನ್ನು ಅಲ್ಲಿಗೇ ಬಿಟ್ಟಿದ್ದಳು.

ಸೋಮವಾರ ಪರದೆ ಲೆಕ್ಕದ ಕೋಣೆಯ ಗೋಡೆಗೇರಿತು. ಗುರುವಾರದ ಹೊತ್ತಿಗೆ, ಕೆಂಪಾಗಿದ್ದ ಮೂರು ವಿಭಾಗಗಳ ಬಿಲ್ಲುಗಳೆಲ್ಲ ಪಾಸಾಗಿ ಅವು ಇನ್ನಷ್ಟು ಕೆಂಪಾಗಿದ್ದವು. ಹಸಿರಿನವರಿಗೆ ಬಿಡಿಗಾಸೂ ಹೋಗಿರಲಿಲ್ಲ.

ಹಣಕಾಸು ಅಧಿಕಾರಿ ಕರೆಸಿದರು. "ಏನಮ್ಮಾ, ದುಂದುಗಾರರನ್ನ ತೋರಿಸು ಅಂದ್ರೆ ಅವರಿಗೇ ಮಣೆ ಹಾಕಿಸಿದೀಯಲ್ಲ! ನಾಳೆ ಆಡಳಿತ ಮಂಡಳಿ ಸಭೆ. ಅಷ್ಟರಲ್ಲಿ ಸರಿಹೋಗದಿದ್ರೆ ನಿನ್ನ ಒಪ್ಪಂದ ಮುಗೀತು. ನಮಗೆ ನಮ್ಮ ಹಳೇ ಲೆಕ್ಕದ ಪುಸ್ತಕಾನೇ ಸಾಕು."

ಅವಳು ಕೆಳಗಿಳಿದು ಲೆಕ್ಕದ ಕೋಣೆಗೆ ಹೋಗಿ ಹಿರಿಯ ಗುಮಾಸ್ತರ ಪಕ್ಕ ಕುರ್ಚಿ ಎಳೆದುಕೊಂಡಳು. ಕಚೇರಿಯಲ್ಲಿ ಎಲ್ಲರಿಗೂ ಅವರು ದೊಡ್ಡಪ್ಪ.

"ದೊಡ್ಡಪ್ಪ, ಆ ಮೂರು ವಿಭಾಗಕ್ಕೆ ಯಾಕೆ ಕೊಟ್ರಿ?"

"ಕೆಂಪಿತ್ತಲ್ಲಮ್ಮ."

"ಅದಕ್ಕೇ ಕೊಡಬಾರದಿತ್ತು."

"ಹಾಗಂತ ನೀನು ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

"ಕೇಳೋದೇನಿದೆ?" ಅವರು ಮೇಜಿನ ಡ್ರಾಯರ್ ಎಳೆದು, ಹೆಬ್ಬೆರಳುದ್ದ ಉಳಿದಿದ್ದ ಕೆಂಪು ಪೆನ್ಸಿಲ್ ತೋರಿಸಿದರು. ದಿನಗೂಲಿಯವರು, ಮನೆಯಲ್ಲಿ ಕಾಯಿಲೆ ಇರುವವರು, ಹೀಗೆ ಕಾಯಲಾರದವರ ಬಿಲ್ಲಿನ ಮೂಲೆಗೆ ಅವರು ಇಪ್ಪತ್ತಾರು ವರ್ಷದಿಂದ ಕೆಂಪು ಪೆನ್ಸಿಲ್ಲಿನಲ್ಲಿ ಒಂದು ಗೀಟು ಹಾಕುತ್ತಿದ್ದರು. ಗೀಟು ಕಂಡರೆ ಉಳಿದ ಗುಮಾಸ್ತರು ಆ ಬಿಲ್ಲನ್ನು ಎಲ್ಲಕ್ಕಿಂತ ಮೇಲಿಡುತ್ತಿದ್ದರು. ಯಾವ ನಿಯಮದ ಪುಸ್ತಕದಲ್ಲೂ ಇದು ಇರಲಿಲ್ಲ.

"ನಮ್ಮ ಗೀಟನ್ನ ಗೋಡೆಗೇ ಹತ್ತಿಸಿದೀಯ ಅಂತ ನಾವೆಲ್ಲ ನಿನ್ನ ಹೊಗಳಿದ್ದೇ ಹೊಗಳಿದ್ದು," ಎಂದರು.

ಸಂಜೆಯವರೆಗೂ ಅವಳು ಅಲ್ಲೇ ಕೂತು ಬದಲಾಯಿಸಿದಳು. ದೊಡ್ಡಪ್ಪ ತಮ್ಮ ಕುರ್ಚಿಯ ದಿಂಬನ್ನು ಅವಳ ಕಡೆ ಸರಿಸಿದರು. ಮಿತಿ ಮೀರಿದವರ ಚೌಕ ಬೂದು ಬಣ್ಣವಾಗಿ, ಅದರ ಮೇಲೊಂದು ಬೀಗ ಬಿತ್ತು. ಕೆಂಪು, ಕಾಯುತ್ತಿರುವ ಬಿಲ್ಲುಗಳಿಗೆ ಹೋಯಿತು: ಯಾರದ್ದು, ಎಷ್ಟು ದಿನದಿಂದ, ಯಾರ ಮೇಜಿನ ಮೇಲೆ. ಹೆಚ್ಚು ಕಾದವರು ಎಲ್ಲರಿಗಿಂತ ಮೇಲೆ.

ಮರುದಿನ ಸಭೆಯಲ್ಲಿ ಮಂಡಳಿಯ ಅಧ್ಯಕ್ಷೆ ಪರದೆಯ ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು. "ಪ್ರಯೋಗಾಲಯದ ಕೋಟು ಒಗೆಯುವಾಕೆ. ನೂರಾ ತೊಂಬತ್ತನಾಲ್ಕು ದಿನ. ಹಣಕಾಸು ಅಧಿಕಾರಿಯ ಮೇಜು."

ಅಧಿಕಾರಿ ತಲೆಯೆತ್ತಿ ಪರದೆ ನೋಡಿದರು.

"ಓದೋಕೆ ಸುಲಭವಾಗಿದೆ. ಇದನ್ನೇ ಇಟ್ಕೊಳ್ಳಿ, ಮಾಡಿದವರನ್ನೂ ಇಟ್ಕೊಳ್ಳಿ," ಎಂದು ಅಧ್ಯಕ್ಷೆ ಅಧಿಕಾರಿಯತ್ತ ತಿರುಗಿದರು. "ನೀವೂ ಓದಿದ್ರಾ?"

ಅಧಿಕಾರಿ ಓದಿದ್ದರು. ಸಹಿ ಹಾಕಲೆಂದು ಜೇಬು ತಡಕಿದರು, ಪೆನ್ನಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ದೊಡ್ಡಪ್ಪ ಪೆನ್ನು ತಂದಿದ್ದರು. ಅಧಿಕಾರಿಯ ಮೇಜಿನ ಕಟ್ಟಿನಿಂದ ಎಳೆದ ಆ ಬಿಲ್ಲನ್ನೂ ತಂದಿದ್ದರು. ಅದರ ಮೂಲೆಯ ಗೀಟು ಬಿಸಿಲಿಗೆ ಮಾಸಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು.