ಬಾರದ ನಲವತ್ತೊಂದು ಮಂದಿ

ಡಾಕ್ಟರ್ ಶ್ರೀಪತಿಯವರ ಬೆರಳಿಗೆ ಇಡೀ ಕೇರಳದಲ್ಲಿ ಹೆಸರಿತ್ತು. ಕೀಲುಜ್ವರ ಬಂದು ಹೋದ ಮೇಲೆ ಕೆಲವರಿಗೆ ಹೃದಯದ ಕವಾಟ ಕಿರಿದಾಗಿಬಿಡುತ್ತದೆ. ಹೃದಯ ಬಡಿಯುತ್ತಿರುವಾಗಲೇ ಒಳಗೆ ಬೆರಳು ತೂರಿಸಿ ಆ ಕವಾಟವನ್ನು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ಅವರು ಕೊಚ್ಚಿಯಲ್ಲಿ ಏಳು ವರ್ಷಗಳಲ್ಲಿ ನೂರ ಎಂಬತ್ತಾರು ಮಂದಿಗೆ ಮಾಡಿದ್ದರು. 1970ರಲ್ಲಿ ತಿರುವನಂತಪುರದ ನಮ್ಮ ಆಸ್ಪತ್ರೆಗೆ ಬಂದಾಗ ಅವರ ಹಿಂದೆಯೇ ಎರಡು ಕಬ್ಬಿಣದ ಪೆಟ್ಟಿಗೆ ತುಂಬ ರೋಗಿಗಳ ಕಡತಗಳೂ ಬಂದವು. ಅವನ್ನು ಓದಿ, ಯಾರಿಗೆ ಏನಾಯಿತೆಂದು ಪತ್ತೆ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಅನಸೂಯಾ, ಪುತ್ತೂರಿನವಳು, ಡಾಕ್ಟರು. ಗಂಡನಿಗೆ ಇಲ್ಲಿನ ರಾಕೆಟ್ ಕೇಂದ್ರದಲ್ಲಿ ಕೆಲಸವಾದ್ದರಿಂದ ಈ ಊರಿಗೆ ಬಂದೆ. ರೋಗಿಯ ನಾಡಿ ಹಿಡಿಯುವುದಕ್ಕಿಂತ ರೋಗಿಯ ಕಡತ ಬಿಡಿಸುವುದರಲ್ಲೇ ನನಗೆ ಹೆಚ್ಚು ರುಚಿ. ಇಷ್ಟು ಓದಿದ್ದು ಕಾಗದ ಜೋಡಿಸುವುದಕ್ಕಾ ಎಂದು ಊರಲ್ಲಿ ಮೂಗು ಮುರಿಯುವವರಿದ್ದಾರೆ. ಮುರಿದುಕೊಳ್ಳಲಿ. ಚಿಕಿತ್ಸೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಮಾಡಿದ ಚಿಕಿತ್ಸೆ ಏನಾಯಿತು ಎಂದು ತಿರುಗಿ ನೋಡುವವರು ಬಹಳ ಕಡಿಮೆ.

1973ರಲ್ಲಿ ಶ್ರೀಪತಿಯವರು ದಿಲ್ಲಿಯ ಸಮ್ಮೇಳನದಲ್ಲಿ ತಮ್ಮ ಫಲಿತಾಂಶ ಮಂಡಿಸುವುದಿತ್ತು. ನನ್ನ ಪಟ್ಟಿಯಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು ಒಂಬತ್ತು ಮಂದಿ. ಉಳಿದ ನೂರ ಎಪ್ಪತ್ತೇಳರಲ್ಲಿ ನೂರ ಮೂವತ್ತಾರು ಮಂದಿ ವರ್ಷ ವರ್ಷದ ತಪಾಸಣೆಗೆ ಬರುತ್ತಿದ್ದರು, ಅವರಲ್ಲಿ ನೂರ ಇಪ್ಪತ್ತನಾಲ್ಕು ಮಂದಿ ಚೆನ್ನಾಗಿದ್ದರು. ನಲವತ್ತೊಂದು ಮಂದಿ ಒಂದೆರಡು ವರ್ಷ ಬಂದು ಆಮೇಲೆ ಮಾಯವಾಗಿದ್ದರು. ಬರೆದ ಕಾಗದಕ್ಕೆ ಉತ್ತರವಿರಲಿಲ್ಲ.

ಶ್ರೀಪತಿ ಹುಬ್ಬಳ್ಳಿ ಕಡೆಯವರು. ಪಟ್ಟಿ ನೋಡಿ ನಕ್ಕರು. "ಇದಕ್ಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ? ಆ ನಲವತ್ತೊಂದೂ ಆರಾಮ ಅಂತ ಬರೀರಿ. ಆರಾಮ ಇದ್ದಂವ ದವಾಖಾನಿಗೆ ಯಾಕ ಬರ್ತಾನ್ರೀ?"

"ಸತ್ತವನೂ ಬರುವುದಿಲ್ಲ ಸರ್," ಎಂದೆ.

ಅವರ ಮುಖ ಕೆಂಪಾಯಿತು. ಅವರ ಕೈಯ ಮೇಲೆ ನನಗೆ ಯಾವತ್ತೂ ಸಂಶಯ ಬಂದದ್ದಿಲ್ಲ, ಅವರ ಪಟ್ಟಿಯ ಮೇಲೆ ಮಾತ್ರ ಬಂದಿತ್ತು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಮೈಸೂರಿನ ಮನುಷ್ಯ, ಸಾರು ಕಲಸುತ್ತಾ, "ನಮ್ಮಲ್ಲಿ ಸಮುದ್ರಕ್ಕೆ ಬಿದ್ದ ರಾಕೆಟ್ಟನ್ನೂ ಹಾರಿಸಿದ್ದರ ಲೆಕ್ಕಕ್ಕೇ ಸೇರಿಸ್ತೀವಪ್ಪಾ," ಎಂದರು. ತಮಾಷೆಗೆ ಅಂದದ್ದಾದರೂ ಅಷ್ಟು ಸಾಕಾಯಿತು, ಬಿದ್ದದ್ದನ್ನು ಹಾರಿತು ಎಂದು ಬರೆಯುವುದು ನನ್ನಿಂದಾಗದು. ಎರಡು ವಾರ ರಜೆ ಹಾಕಿ, ನಲವತ್ತೊಂದು ವಿಳಾಸ ಚೀಲದಲ್ಲಿಟ್ಟುಕೊಂಡು ಎರ್ನಾಕುಲಂ ರೈಲು ಹತ್ತಿದೆ. ಅರ್ಧಕ್ಕರ್ಧ ಜನ ಸತ್ತಿರುತ್ತಾರೆ ಎಂದು ನನಗೆ ಖಾತ್ರಿಯಿತ್ತು.

ಆ ಖಾತ್ರಿ ಮೊದಲ ವಾರವೇ ಮುರಿದು ಬಿತ್ತು. ಹದಿನೇಳು ಮನೆಗಳಲ್ಲಿ ಸತ್ತವರು ಮೂವರೇ. ಐವರು ಗಟ್ಟಿಮುಟ್ಟಾಗಿದ್ದರು. ಒಬ್ಬ ಫೋರ್ಟ್ ಕೊಚ್ಚಿಯಲ್ಲಿ ಮೀನಿನ ಬಲೆ ಎಳೆಯುತ್ತಿದ್ದ. ಇನ್ನೊಬ್ಬ ತೆಂಗಿನ ಮರದ ತುದಿಯಿಂದಲೇ ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ, ಇಳಿದು ಬರುವಷ್ಟು ಪುರಸೊತ್ತು ಅವನಿಗಿರಲಿಲ್ಲ. ಅವನನ್ನು ನೋಡಿದರೆ ಶ್ರೀಪತಿಯವರೇ ಗೆದ್ದಂತೆ ಕಾಣುತ್ತಿತ್ತು.

ಉಳಿದ ಒಂಬತ್ತು ಮಂದಿಯದೇ ವಿಚಿತ್ರ. ಎಲ್ಲರೂ ಹೆಂಗಸರು. ಎಲ್ಲರ ತಾಯಂದಿರೂ ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ದು ಒಂದೇ ಮಾತು: ಮಗಳು ಬೊಂಬಾಯಿಯಲ್ಲಿದ್ದಾಳೆ, ಸುಖವಾಗಿದ್ದಾಳೆ. ಬೊಂಬಾಯಿಯ ವಿಳಾಸ ಕೇಳಿದರೆ ಯಾರಲ್ಲೂ ಇಲ್ಲ. ವಲ್ಲಾರ್ಪಾಡಂನ ದೋಣಿಯವನ ಮಗಳೂ ಬೊಂಬಾಯಿ, ಮಟ್ಟಾಂಚೇರಿಯ ಸಾಂಬಾರ ವ್ಯಾಪಾರಿಯ ಮಗಳೂ ಬೊಂಬಾಯಿ.

ಒಂಬತ್ತನೆಯ ಮನೆ ಎರ್ನಾಕುಲಂನಲ್ಲಿ, ಕುಂದಾಪುರದ ಕಡೆಯ ಬ್ಯಾಂಕ್ ಮ್ಯಾನೇಜರ್ ನಿತ್ಯಾನಂದರದು. ಅವರ ಮಗಳು ರಾಜೀವಿಗೆ 1966ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಶಸ್ತ್ರಚಿಕಿತ್ಸೆಯಾಗಿತ್ತು. ತಾಯಿ ವಿಜಯಾ ಮಲಯಾಳದಲ್ಲೇ ಬೊಂಬಾಯಿಯ ಮಾತು ತೆಗೆದರು. ನಾನು ಕನ್ನಡದಲ್ಲಿ ಅಂದೆ, "ಅಮ್ಮ, ನಿಮ್ಮ ಮಗಳಿಗೆ ಅಲ್ಲಿ ಬೇಜಾರಿಲ್ಲ ಬಿಡಿ. ನಮ್ಮ ಡಾಕ್ಟರ ಕೈಯಲ್ಲಿ ಕೊಯ್ಸಿಕೊಂಡ ಇನ್ನೂ ಎಂಟು ಹುಡುಗಿಯರು ಬೊಂಬಾಯಿಯಲ್ಲೇ ಇದ್ದಾರೆ."

ಅವರು ಮೊದಲು ನಕ್ಕರು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಅತ್ತರು.

"ಎಂತ ಮಾಡುದು ಹೇಳಿ? ಎದೆ ಕೊಯ್ದ ಹುಡುಗಿ ಅಂದ್ರೆ ಯಾರು ಮದುವೆ ಆಗ್ತಾರೆ? ಚಿಕ್ಕಂದಿನಲ್ಲಿ ಕುರು ಆಗಿ ಕೀವು ತೆಗೆದದ್ದು ಅಂತ ಹೇಳಿದ್ದೇವೆ. ನಿಮ್ಮ ಆಸ್ಪತ್ರೆಯ ಕಾಗದ ಬಂದಾಗೆಲ್ಲ ನಾನೇ ಒಲೆಗೆ ಹಾಕಿದ್ದು. ಅವಳು ಇಲ್ಲೇ ತ್ರಿಪ್ಪುಣಿತ್ತುರದಲ್ಲಿ ಇದ್ದಾಳೆ. ಐದು ತಿಂಗಳು."

ಐದು ತಿಂಗಳ ಬಸುರಿ! ಬಸುರಿನಲ್ಲಿ ಹೃದಯಕ್ಕೆ ಒಂದೂವರೆ ಪಟ್ಟು ಕೆಲಸ. ಏಳು ವರ್ಷದ ಹಿಂದೆ ಬಿಡಿಸಿದ ಕವಾಟ ಮತ್ತೆ ಕೂಡಿಕೊಂಡಿದ್ದರೆ ಹೆರಿಗೆಯವರೆಗೆ ಈ ಹುಡುಗಿ ಉಳಿಯುವುದೇ ಕಷ್ಟ. ಸತ್ತವರು, ಬದುಕಿದವರು ಎಂದು ನಾನೂ ಶ್ರೀಪತಿಯವರೂ ಜಗಳವಾಡುತ್ತಿದ್ದೆವು. ಮದುವೆಯಾಗಿ ಹೋದವರು ಎಂಬ ಮೂರನೆಯ ಸಾಲು ಇಬ್ಬರಿಗೂ ಹೊಳೆದಿರಲಿಲ್ಲ. ಪುರುಷರಿಗೆ ಹೊಳೆಯದಿದ್ದರೆ ಕ್ಷಮಿಸಬಹುದು. ನಾನು ಹೆಂಗಸಾಗಿ ಮರೆತೆನಲ್ಲಾ ಎಂದು ನನ್ನ ಮೇಲೇ ಸಿಟ್ಟು ಬಂತು.

ವಿಜಯಾ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡರು. ನಾನು ಹೋಗಬಹುದು, ಆದರೆ ಅವರ ಸ್ನೇಹಿತೆಯಾಗಿ. ಆಪರೇಷನ್ನಿನ ಸುದ್ದಿ ನನ್ನ ಬಾಯಿಂದ ಬರಕೂಡದು.

ತ್ರಿಪ್ಪುಣಿತ್ತುರದ ಮನೆಯಲ್ಲಿ ರಾಜೀವಿಯ ಅತ್ತೆ ದಾಕ್ಷಾಯಣಿಯಮ್ಮ ಜಗಲಿಯಲ್ಲಿ ಕೂತು ಪಲ್ಯಕ್ಕೆ ಅಲಸಂಡೆ ಮುರಿಯುತ್ತಿದ್ದರು. ಉಡುಪಿ ಕಡೆಯವರು, ವಿಧವೆ, ಗಂಟಲು ಜೋರು. ಮಗ ದಿನಕರ ಕಸ್ಟಮ್ಸ್ ಆಫೀಸಿಗೆ ಹೋಗಿದ್ದ. "ಬನ್ನಿ, ಕೂತ್ಕೊಳ್ಳಿ. ಸೊಸೆ ಬಾವಿಕಟ್ಟೆಯಲ್ಲಿ ಇದ್ದಾಳೆ. ಬರುವಾಗ ಹೊತ್ತಾಗ್ತದೆ. ಹತ್ತು ಹೆಜ್ಜೆಗೆ ಎರಡು ಸಲ ನಿಲ್ಲುದು ಅವಳು. ಸೋಮಾರಿ ಅಂದ್ರೆ ಸೋಮಾರಿ ಮಾರಾಯ್ರೆ."

ನಾನು ಬಾವಿಕಟ್ಟೆಗೆ ನಡೆದೆ. ರಾಜೀವಿ ಅರ್ಧ ತುಂಬಿದ ಕೊಡವನ್ನು ನೆಲದಲ್ಲಿಟ್ಟು, ರಾಟೆಯ ಕಂಬ ಹಿಡಿದು ಏದುಸಿರು ಬಿಡುತ್ತಿದ್ದಳು. ತುಟಿ ಮಾಸಿತ್ತು, ಪಾದ ಊದಿತ್ತು. ನಾನು ಯಾರೆಂದೂ, ಅವಳ ತಾಯಿ ಕಟ್ಟಿದ ಬೊಂಬಾಯಿಯ ಕಥೆಯನ್ನೂ ಹೇಳಿದೆ. ಸ್ಟೆಥಾಸ್ಕೋಪ್ ಇಟ್ಟು ಕೇಳಿದೆ. ಕವಾಟ ಕೂಡಿಕೊಂಡಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ತಿಂಗಳಿಂದ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳಂತೆ. ಮಲಗಿದರೆ ಹುಳಿತೇಗು ಬರುತ್ತದೆ ಎಂದು ಗಂಡನಿಗೆ ಹೇಳಿದ್ದಳು.

"ತಿಂಗಳೊಳಗೆ ಮತ್ತೆ ಆಪರೇಷನ್ ಆಗಬೇಕು," ಎಂದೆ. ಬಾಣಂತನಕ್ಕೆ ಎಂದು ಈಗಲೇ ತವರಿಗೆ ಕರೆಸಿಕೊಳ್ಳುವುದು, ಅಲ್ಲಿಂದ ಗುಟ್ಟಾಗಿ ತಿರುವನಂತಪುರಕ್ಕೆ ಕರೆದೊಯ್ಯುವುದು. ಉಪಾಯ ನಾನೇ ಹೂಡಿದೆ, ಬಹಳ ಚೆನ್ನಾಗಿದೆ ಎಂದೂ ಅನ್ನಿಸಿತು.

ರಾಜೀವಿ ನನ್ನ ಮುಖವನ್ನೇ ನೋಡಿದಳು. "ಮತ್ತೆ ನಾನು ಟೇಬಲಿನಲ್ಲೇ ಸತ್ತರೆ? ಎಂತ ಹೇಳ್ತೀರಿ ಇವ್ರಿಗೆ? ಬೊಂಬಾಯಿಯಲ್ಲಿ ಸತ್ತಳು ಅಂತಲಾ?"

ಅವಳು ಕೊಡ ಅಲ್ಲೇ ಬಿಟ್ಟು ಜಗಲಿಗೆ ನಡೆದಳು. ದಾರಿಯಲ್ಲಿ ಎರಡು ಸಲ ನಿಂತಳು. ಅತ್ತೆಯೆದುರು ನೆಲದ ಮೇಲೆ ಕೂತು, ಉಸಿರು ಹಿಡಿತಕ್ಕೆ ಬರುವವರೆಗೆ ಕಾದು ಹೇಳಿದಳು:

"ಅತ್ತೆ, ಅದು ಕುರು ಕೊಯ್ದ ಗಾಯ ಅಲ್ಲ. ಮದುವೆಗೆ ಮೊದ್ಲು ನನಗೆ ಹೃದಯದ ಆಪರೇಷನ್ ಆಗಿತ್ತು. ಇವರು ಆ ಡಾಕ್ಟರ ಕಡೆಯವರು. ಈಗ ಪುನಃ ಆಗ್ಬೇಕಂತೆ."

ದಾಕ್ಷಾಯಣಿಯಮ್ಮ ಮುರಿಯುತ್ತಿದ್ದ ಅಲಸಂಡೆ ಕೈಯಲ್ಲೇ ಉಳಿಯಿತು. ಬಿರುಗಾಳಿ ಏಳುತ್ತದೆಂದು ನಾನು ಸೆಟೆದು ಕೂತೆ. ಎದ್ದದ್ದು ನಿಜ.

"ನಿನ್ನ ಅಪ್ಪ ನಮ್ಮನ್ನು ಮಂಗ ಮಾಡಿದ್ದು! ಅದು ಇರ್ಲಿ, ಅವರನ್ನು ನಾನು ಆಮೇಲೆ ವಿಚಾರಿಸ್ತೇನೆ. ನಿನಗೆಂತ ಆಗಿತ್ತು? ಮೂರು ವರ್ಷ ದಿನಾ ನಿನ್ನನ್ನು ಸೋಮಾರಿ ಅಂತ ಬೈದೆ. ಬಾವಿಯಿಂದ ನೀರು ಸೇದಿಸಿದೆ. ನನ್ನ ಬಾಯಿಂದ ಎಂತೆಂತದು ಹೇಳಿಸಿದಿ ನೀನು! ಒಂದು ಮಾತು ಹೇಳ್ಬಾರ್ದಿತ್ತಾ?"

ಮರುಕ್ಷಣ ನನ್ನ ಕಡೆ ತಿರುಗಿದರು. "ಬಸುರಿಗೆ ಈ ಆಪರೇಷನ್ ಮಾಡಿದ್ದಾರಾ ನಿಮ್ಮ ಡಾಕ್ಟ್ರು? ಎಷ್ಟು ಜನಕ್ಕೆ? ಎಷ್ಟು ಜನ ಉಳಿದಿದ್ದಾರೆ?"

ಜೀವಮಾನವಿಡೀ ಕಡತ ಜೋಡಿಸಿದವಳು ನಾನು. ಆ ಪ್ರಶ್ನೆಗೆ ನನ್ನ ಚೀಲದಲ್ಲಿ ಒಂದು ಅಂಕಿಯೂ ಇರಲಿಲ್ಲ. ಮೊದಲ ಸಲ ಮಾಡಿದ್ದರಲ್ಲಿ ಶ್ರೀಪತಿಯವರದು ಎತ್ತಿದ ಕೈ. ಎರಡನೇ ಸಲ, ಅದೂ ಬಸುರಿಯಲ್ಲಿ, ಬೇರೆ ಊರುಗಳಲ್ಲಿ ಆಗಿದೆ ಎಂದು ಓದಿದ್ದೆ. ನಮ್ಮಲ್ಲಿ ಯಾರೂ ಇರಲಿಲ್ಲ. ಇರಬೇಕಾದವರೆಲ್ಲ ಅಡಗಿ ಕೂತಿದ್ದರು. ಇದನ್ನೆಲ್ಲ ಒಂದೂ ಬಿಡದೆ ಹೇಳಿದೆ.

ಅವರು ಕೈಯಲ್ಲಿದ್ದ ಅಲಸಂಡೆಯನ್ನು ಬದಿಗಿಟ್ಟರು. "ಆಯ್ತು. ಇವಳಿಂದ ಶುರು ಮಾಡಿ. ನಾನೂ ಬರ್ತೇನೆ ತಿರುವನಂತಪುರಕ್ಕೆ," ಎಂದು ಸೊಸೆಯ ಊದಿದ ಪಾದವನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

ಹನ್ನೆರಡನೆಯ ದಿನ ಶಸ್ತ್ರಚಿಕಿತ್ಸೆಯಾಯಿತು. ಶ್ರೀಪತಿ ಎರಡು ಗಂಟೆಯ ಮೇಲೆ ಹೊರಬಂದು ದಾಕ್ಷಾಯಣಿಯಮ್ಮನಿಗೆ ಕೈಮುಗಿದರು. "ಛಲೋ ಆತು. ತಾಯಿ ಕೂಸು ಎರಡೂ ಆರಾಮ." ಆಮೇಲೆ ನನ್ನ ಕೋಣೆಗೆ ಬಂದು ದಿಲ್ಲಿಯ ಪಟ್ಟಿ ಕೇಳಿ ಪಡೆದು, ರಾಜೀವಿಯ ಹೆಸರಿನ ಮುಂದೆ 'ಮತ್ತೆ ಕೂಡಿಕೊಂಡಿದೆ' ಎಂದು ತಾವೇ ಬರೆದರು. ಮೇಲಿನಿಂದ ಕೆಳಗೆ ಬೆರಳಾಡಿಸಿದರು. "ಇನ್ನ ಎಂಟು ಹುಡುಗೇರು ಎಲ್ಲಿದ್ದಾರ? ಬಸುರಿದ್ದರ ಹೆಂಗ್ರೀ?" ಅವರ ದನಿಯಲ್ಲಿ ಅಂಥ ಹೆದರಿಕೆಯನ್ನು ನಾನು ಅದೇ ಮೊದಲು ಕೇಳಿದ್ದು. ನನಗೂ ಅದೇ ಹೆದರಿಕೆ. ದಿಲ್ಲಿಯಲ್ಲಿ ಅವರು ಆ ನಲವತ್ತೊಂದನ್ನು ಆರಾಮ ಎನ್ನಲಿಲ್ಲ. ಹುಡುಕುತ್ತಿದ್ದೇವೆ ಎಂದರು.

ರಾಜೀವಿಗೆ ಹೆಣ್ಣು ಮಗು ಹುಟ್ಟಿತು. 1974ರಲ್ಲಿ ನಾವು ಎರ್ನಾಕುಲಂನಲ್ಲೇ ತಿಂಗಳಿಗೊಮ್ಮೆ ತಪಾಸಣೆ ಶುರು ಮಾಡಿದೆವು, ಅತ್ತೆಮನೆಗಳಿಗೆ ಗುಟ್ಟು ತಿಳಿಯದಿರಲೆಂದು ಹೊರಗೆ ಬರೀ 'ಸ್ತ್ರೀಯರ ಆರೋಗ್ಯ' ಎಂದು ಬೋರ್ಡು ಹಾಕಿ. ದಾಕ್ಷಾಯಣಿಯಮ್ಮ ಮೊಮ್ಮಗಳನ್ನು ಎತ್ತಿಕೊಂಡು ಮೊದಲ ದಿನವೇ ಬಂದರು. ಬೆಂಚಿನ ಮೇಲೆ ಹತ್ತಾರು ಹೆಂಗಸರು ಕೂತಿದ್ದರು. ಅವರ ನಡುವೆ ಕೂತು, ತಮ್ಮ ಹರಕು ಮಲಯಾಳದಲ್ಲಿ, ಬೀದಿಗೆಲ್ಲ ಕೇಳುವಂತೆ ಹೇಳತೊಡಗಿದರು: ನನ್ನ ಸೊಸೆಗೆ ಎರಡು ಸಲ ಹೃದಯ ಕೊಯ್ದಿದ್ದಾರೆ, ನೋಡಿ ಹೇಗಿದ್ದಾಳೆ, ಈ ಮಗು ಅವಳದ್ದೇ.

ರಾಜೀವಿ ನಾಚಿ ತಲೆ ತಗ್ಗಿಸಿದಳು. ತುದಿಯಲ್ಲಿ, ವಯಸ್ಸಾದ ಹೆಂಗಸೊಬ್ಬಳ ಪಕ್ಕದಲ್ಲಿ ಕೂತಿದ್ದ ಒಬ್ಬ ತೆಳ್ಳನೆಯ ಹೆಂಗಸು ಎದ್ದು ನಿಂತಳು. ಸೊಂಟನೋವು ಎಂದು ಚೀಟಿ ಬರೆಸಿದ್ದವಳು.

"ಡಾಕ್ಟರೇ," ಎಂದಳು, ಪಕ್ಕದಲ್ಲಿದ್ದ ಅತ್ತೆಗೂ ಕೇಳುವಷ್ಟು ಗಟ್ಟಿಯಾಗಿ, "ನನ್ನ ಕಡತವೂ ನಿಮ್ಮಲ್ಲೇ ಇರಬೇಕು. ವಲ್ಲಾರ್ಪಾಡಂ, ದೋಣಿಯವನ ಮಗಳು, ಅರವತ್ತೇಳನೇ ಇಸವಿ."