ತೊರಾಜಿಯ ಮರ್ಯಾದೆ

ಬೇಡ ಅನ್ನುವುದಕ್ಕೂ ಒಂದು ಲೆಕ್ಕವಿದೆ. ತೊಮಾರಿ ಕೊಲ್ಲಿಯಲ್ಲಿ ಹುಟ್ಟಿದ ಮಕ್ಕಳು ನೆಟ್ಟಗೆ ಮಾತಾಡಲು ಬರುವ ಮೊದಲೇ ಅದನ್ನು ಕಲಿತಿರುತ್ತವೆ. ಯಾರಾದರೂ ಏನಾದರೂ ಕೊಡಲು ಬಂದರೆ ಒಂದು ಸಲ ಬೇಡ ಅನ್ನಬೇಕು, ಇನ್ನೊಂದು ಸಲವೂ ಬೇಡ ಅನ್ನಬೇಕು, ಮೂರನೇ ಸಲ ಕೇಳಿದಾಗ ತಲೆಬಾಗಿ ಕೈಯೊಡ್ಡಬೇಕು. ಮೊದಲ ಮಾತಿಗೇ ಹೂಂ ಅಂದವನು ಹೊಟ್ಟೆಬಾಕ. ಮೂರು ಸಲ ಕೇಳದೆ ಬಿಟ್ಟವನಿಗೆ ಕೊಡುವ ಮನಸ್ಸೇ ಇರಲಿಲ್ಲ ಎಂದು ಅರ್ಥ.

ಪರಂಗಿಗಳಿಗೆ ಇದೊಂದೂ ತಿಳಿಯದು. ಬಿರುಗಾಳಿಗೆ ಸಿಕ್ಕು ಪಕ್ಕೆ ಒಡೆದುಕೊಂಡ ಅವರ ಹಡಗು ಕೊಲ್ಲಿಯೊಳಗೆ ತೆವಳಿಕೊಂಡು ಬಂದ ದಿನ ಊರ ಯಜಮಾನರ ಮನೆಯಲ್ಲಿ ಅಕ್ಕಿ ಹೆಂಡ ತಂದಿಟ್ಟರು. ಕುಡೀತೀರಾ ಅನ್ನುವುದೇ ತಡ, ದಡಕ್ಕಿಳಿದು ಬಂದಿದ್ದ ಆರೂ ಜನ ಬಟ್ಟಲು ಚಾಚಿದರು, ಕುಡಿದರು, ಮತ್ತೆ ಚಾಚಿದರು. ಹೆಂಗಸರು ಬಾಯಿಗೆ ತೋಳು ಅಡ್ಡ ಹಿಡಿದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ದೋಣಿ ಬಡಗಿ ತೊರಾಜಿ. "ಪಾಪ, ಇವರ ಅಮ್ಮಂದಿರು ಬೇಡ ಅನ್ನೋದನ್ನೇ ಕಲಿಸಿಲ್ಲ" ಎಂದು ಅವನು ಆಡಿದ ಮಾತು ಸಂಜೆಯೊಳಗೆ ಆಚೆ ದಡದವರ ಬಾಯಲ್ಲೂ ಇತ್ತು.

ಹಡಗಿನ ರಿಪೇರಿ ತೊರಾಜಿಯ ಪಾಲಿಗೇ ಬಂತು. ಎರಡು ತಿಂಗಳ ಕೆಲಸ. ಹಳೆಯ ಹಲಗೆಗಳಿಂದ ಕಿತ್ತ ತುಕ್ಕು ಮೊಳೆಗಳನ್ನು ಬಿಸಾಡಲು ಮನಸ್ಸು ಬಾರದೆ ಅವನು ದಿನಾ ಒಂದು ಹಿಡಿ ಮನೆಗೆ ತರುತ್ತಿದ್ದ. ಅದರಲ್ಲೊಂದು ಅಂಗಳದಲ್ಲಿ ಬಿದ್ದಿತ್ತು, ಅವನ ಹೆಂಡತಿ ಸೆಕಿ ಅದನ್ನು ತುಳಿದಳು. ನಾಲ್ಕೇ ದಿನದಲ್ಲಿ ಅಂಗಾಲು ಬಾತು, ಕೆಂಪು ಗಿಣ್ಣಿನವರೆಗೆ ಏರಿತು. ಊರ ವೈದ್ಯ ಸೊಪ್ಪು ಅರೆದು ಕಟ್ಟಿದ. ಮೈಗೆ ಕತ್ತಿ ತಾಗಿಸುವುದು ಅವನ ವಿದ್ಯೆಯಲ್ಲಿ ಇರಲಿಲ್ಲ. ಸೆಕಿ ತೋಳಿನ ಬಟ್ಟೆ ಕಚ್ಚಿಕೊಂಡು ಗೋಡೆ ಹಿಡಿದು ಅಡುಗೆ ಮಾಡಿದಳು, ಆಮೇಲೆ ಅದೂ ಆಗದೆ ಮಲಗಿದಳು.

ಈ ಸುದ್ದಿ ಹಡಗಿಗೆ ಮುಟ್ಟಿಸಿದವನು ದುಭಾಷಿ ತೋಮೆ. ಇದೇ ಕರಾವಳಿಯವನು, ಹದಿನೈದು ವರ್ಷ ಪರಂಗಿಗಳ ಜೊತೆ ಸಮುದ್ರ ಸುತ್ತಿ ಅವರ ದೇವರನ್ನೂ ಅವರ ಹೆಸರನ್ನೂ ತೆಗೆದುಕೊಂಡಿದ್ದ. ಹಡಗಿನ ವೈದ್ಯ ಗಾಸ್ಪಾರ್ ಕರೆಯದೆಯೇ ಬಂದ. ಹೊಸ್ತಿಲಲ್ಲಿ ಕೂತು ಪರದಾಡಿ ಬೂಟು ಕಳಚಿ ಒಳಗೆ ಹೋಗಿ ಸೆಕಿಯ ಕಾಲು ನೋಡಿದ. ಪಡಸಾಲೆಗೆ ಬಂದು ಕೂತು, ಕೀವು ಒಳಗೇ ಕಟ್ಟಿದೆ, ಬೆರಳುದ್ದ ಕೊಯ್ದು ತೆಗೆದರೆ ಹತ್ತು ದಿನದಲ್ಲಿ ಓಡಾಡುತ್ತಾಳೆ, ಕೊಯ್ಯಲೇ ಎಂದು ತೋಮೆಯ ಬಾಯಿಂದ ಕೇಳಿಸಿದ.

ತೊರಾಜಿಯ ಎದೆ ಕುಣಿಯಿತು. ಆದರೆ ಬಾಯಿ ತನ್ನ ಅಭ್ಯಾಸ ಬಿಡಬೇಕಲ್ಲ.

"ಅಯ್ಯೋ, ನಿಮಗ್ಯಾಕೆ ತೊಂದರೆ, ಬೇಡ" ಅಂದ.

ಗಾಸ್ಪಾರ್ ಮತ್ತೆ ಕೇಳಿದ. ಒರಟನಾದರೂ ಪರವಾಗಿಲ್ಲ, ಮರ್ಯಾದೆ ಕಲಿಯುತ್ತಿದ್ದಾನೆ ಎಂದು ತೊರಾಜಿಗೆ ಒಳಗೊಳಗೇ ಖುಷಿ. ಇನ್ನೂ ತಗ್ಗಿ, ಹಣೆ ಚಾಪೆಗೆ ತಾಗಿಸಿ, "ಇಷ್ಟಕ್ಕೆಲ್ಲ ನಿಮ್ಮಂಥ ದೊಡ್ಡೋರು ಕೈ ಹಾಕೋದಾ? ಖಂಡಿತ ಬೇಡ" ಅಂದ. ಹಾಗೆಯೇ ಬಾಗಿಕೊಂಡು ಮೂರನೆಯದಕ್ಕೆ ಕಾದ. ತಲೆ ಎತ್ತಿದಾಗ ಗಾಸ್ಪಾರ್ ಹೊಸ್ತಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದ.

ತೋಮೆಯಾದರೂ ತಿಳಿಸಿ ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಹದಿನೈದು ವರ್ಷ ಅವರ ಜೊತೆ ಉಂಡವನು, ಅವನಿಗೂ ಬೇಡ ಅಂದರೆ ಬೇಡವೇ ಆಗಿಹೋಗಿತ್ತು.

ನಾಳೆ ಕೇಳುತ್ತಾನೆ ಎಂದು ತೊರಾಜಿ ಹೇಳಿಕೊಂಡ. ಮರುದಿನ ಹಡಗಿನ ಮೇಲೆ ಗಾಸ್ಪಾರ್ ಎದುರಾದ, ಬಾಗಿ ನಮಸ್ಕರಿಸಿದ, ಮುಖ ಕೆಂಪಾಗಿ ಪಕ್ಕಕ್ಕೆ ಸರಿದ. ಪರರ ಹೆಂಡತಿಯ ಕಾಲು ಮುಟ್ಟುತ್ತೇನೆ ಎಂದು ತಪ್ಪು ಮಾಡಿದೆನೇನೋ ಎಂಬ ಅಳುಕು ಅವನಿಗೆ. ಅದರ ಮರುದಿನವೂ ಅಷ್ಟೇ. ತೊರಾಜಿ ತಾನೇ ಹೋಗಿ ಕೇಳಿದರಾಗುತ್ತಿತ್ತು. ಎದುರಿಗೇ ಇದ್ದ, ನಾಲ್ಕು ಮಾರು ದೂರ. ಹೊಟ್ಟೆಬಾಕರು ಎಂದು ತಾನೇ ನಕ್ಕವರ ಮುಂದೆ ಹೋಗಿ ಕೈಯೊಡ್ಡುವುದು ಹೇಗೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಆ ಜಾತಿಯವನು ಇವನು. ಮನೆಗೆ ಹೋದರೆ ಸೆಕಿ ಏನೂ ಕೇಳುತ್ತಿರಲಿಲ್ಲ, ಇವನೂ ಅವಳ ಮುಖ ನೋಡುತ್ತಿರಲಿಲ್ಲ. ಹೀಗೆ ನಾಲ್ಕು ದಿನ ಸುತ್ತಿಗೆ ಬಡಿದ.

ಐದನೇ ಬೆಳಿಗ್ಗೆ ಬಡಗಣ ಗಾಳಿ ಎದ್ದಿತು, ರಿಪೇರಿ ಮುಗಿದಿದ್ದ ಹಡಗು ಹೊರಡಲು ಸಿದ್ಧವಾಯಿತು. ಅದೇ ಬೆಳಿಗ್ಗೆ ಅವನು ಸೆಕಿಯ ಕಾಲಿನ ಬಟ್ಟೆ ಬಿಚ್ಚಿದ. ಬೆರಳುಗಳು ಕಪ್ಪಗಾಗಿದ್ದವು, ಕೊಳೆತ ವಾಸನೆ ಹೊಡೆಯುತ್ತಿತ್ತು.

ಆಗ ಓಡಿದ. ಬೀಳ್ಕೊಡಲು ಇಡೀ ಊರು ದಡದಲ್ಲಿ ನಿಂತಿತ್ತು. ಗಾಸ್ಪಾರ್ ಕೂತಿದ್ದ ದೋಣಿ ಆಗಲೇ ಹುಟ್ಟು ಹಾಕಿತ್ತು. ತೊರಾಜಿ ಯಜಮಾನರನ್ನು ತಳ್ಳಿಕೊಂಡು ಸೊಂಟದುದ್ದ ನೀರಿಗಿಳಿದು ದೋಣಿಯ ಅಂಚು ಹಿಡಿದ.

"ಬೇಕು" ಅಂದ. "ನಮಗೆ ಬೇಕು. ಬನ್ನಿ."

ಎಲ್ಲರಿಗೂ ಕೇಳಿಸಿತು, ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತು. ಗಾಸ್ಪಾರ್ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ನೀರಿಗೆ ಇಳಿದ. ಹಡಗಿನಿಂದ ಯಾರೋ ಕೂಗಿ ಬೈಯುತ್ತಿದ್ದರು, ಅವನು ತಿರುಗಿ ನೋಡಲಿಲ್ಲ. ತೋಮೆ ಹಿಂದೆಯೇ ಬಂದ.

ಗಾಸ್ಪಾರ್ ಕಾಲನ್ನು ಬೆರಳಿಂದ ಗಿಣ್ಣಿನವರೆಗೂ ಒತ್ತಿ ನೋಡಿದ. ಆಮೇಲೆ ತೋಮೆಗೆ ಮೆಲ್ಲಗೆ ಏನೋ ಹೇಳಿದ. ತೋಮೆ ಚಾಪೆ ನೋಡುತ್ತಲೇ ಹೇಳಿದ. ಅವತ್ತಾಗಿದ್ದರೆ ಬೆರಳುದ್ದದ ಗಾಯ ಸಾಕಿತ್ತು. ಈಗ ಗಿಣ್ಣಿನ ಮೇಲಿಂದ ಪಾದವನ್ನೇ ಕತ್ತರಿಸಿ ತೆಗೆಯಬೇಕು. ಬಿಟ್ಟರೆ ವಿಷ ಮೈಗೆಲ್ಲ ಏರಿ ಎರಡು ದಿನವೂ ಉಳಿಯುವುದಿಲ್ಲ.

"ತೆಗೀಬಹುದಾ ಅಂತ ಕೇಳ್ತಿದಾರೆ, ಮೇಸ್ತ್ರಿ" ಅಂದ.

ತೊರಾಜಿ ಬಾಯಿ ತೆರೆದ. ಅಷ್ಟರಲ್ಲಿ ಸೆಕಿ ಮೊಣಕೈ ಊರಿ ಎದ್ದಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಹೊರಗಿನವರ ಮುಂದೆ ಗಂಡನ ಮಾತಿಗೆ ಅಡ್ಡ ಬಂದವಳಲ್ಲ. ಗಾಸ್ಪಾರ್ ಮೊದಲು ಬಂದ ದಿನ ಜಾರುಬಾಗಿಲ ಹಿಂದೆ ಮಲಗಿಕೊಂಡೇ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂಬುದು ತೊರಾಜಿಗೆ ಆಗ ತಿಳಿಯಿತು.

"ಅವರನ್ನ ಕೇಳ್ಬೇಡಿ" ಅಂದಳು. "ಅವರು ಎರಡು ಸಲ ಬೇಡ ಅಂತಾರೆ. ಕಾಲು ನಂದು, ನನ್ನ ಕೇಳಿ."

ತೋಮೆ ಅವಳನ್ನು ಕೇಳಿದ. ಅವಳು ಹೂಂ ಅಂದಳು. ಗಾಸ್ಪಾರ್ ಪೆಟ್ಟಿಗೆ ತೆರೆದು, ಭುಜ ಹಿಡಿದುಕೊಳ್ಳಲು ಒಬ್ಬರು ಬೇಕು ಅಂದ. ತೊರಾಜಿ ಹೋಗಿ, ತನ್ನ ಮುಖ ಅವಳಿಗೆ ಕಾಣದ ಹಾಗೆ ತಲೆಯ ಹಿಂದೆ ಕೂತು ಹಿಡಿದುಕೊಂಡ.