ಮೆಹ್ರಿ, ಬಂದೆ

"ಅಕ್ಕಾ, ನಿನ್ನ ಕೆಳಗಿನ ಮನೆ ಎಂಜಿನಿಯರ್ ದೊಡ್ಡ ಸಾಹಿತಿ ಆಗ್ಬಿಟ್ಟಿದಾನೆ ನೋಡೇ!" ಎಂದು ಸಿಯಾಮಕ್ ಬಾಗಿಲಲ್ಲಿ ಬೂಟು ಬಿಚ್ಚುತ್ತಲೇ ಕೂಗಿ, ಪುಸ್ತಕವೊಂದನ್ನು ಅಕ್ಕನ ಮಡಿಲಿಗೆ ಹಾಕಿದ. ಕೆರ್ಮಾನಿನ ಬಜಾರಿನಲ್ಲಿ ಪುಸ್ತಕದಂಗಡಿಯ ಗಾಜಿನ ಹಿಂದೆ ಸಾಲಾಗಿ ನಿಲ್ಲಿಸಿದ್ದರಂತೆ. ಮುಖಪುಟದ ಮೇಲೆ ಒಂದು ಕಾಡುಗುಲಾಬಿ, ಬೆನ್ನು ತಿರುಗಿಸಿ ನಿಂತ ಒಬ್ಬಳು ಹೆಣ್ಣು, ಕೆಳಗೆ ದಪ್ಪಕ್ಷರದಲ್ಲಿ ಬೆಹ್ರಾದ್ ಸರ್‌ಮದಿ ಎಂಬ ಹೆಸರು.

ಫರ್ಖಂದೆ ಕನ್ನಡಕ ಏರಿಸಿಕೊಂಡು ಮೊದಲ ಪುಟ ತೆರೆದಳು. "ನಸ್ತರನ್, ಬಂದೆ" ಎಂದಿತ್ತು; ನಸ್ತರನ್ ಎಂದರೆ ಮುಖಪುಟದ ಆ ಕಾಡುಗುಲಾಬಿ, ಹೆಣ್ಣಿನ ಹೆಸರೂ ಹೌದು. ಅದರ ಕೆಳಗಿನ ಸಾಲು ಅವಳಿಗೆ ಓದದೆಯೇ ಗೊತ್ತಿತ್ತು. ಅದರ ಮುಂದಿನದೂ ಗೊತ್ತಿತ್ತು. ಹತ್ತು ಪುಟ ಮಗುಚಿದಳು, ನಡುವೆ ಒಂದು ಕಡೆ ತೆರೆದಳು, ಕೊನೆಗೆ ಹೋದಳು. ಎಲ್ಲ ಅವಳದೇ. ಅವಳ ಅಲ್ಪವಿರಾಮಗಳು ಕೂಡ ಇಟ್ಟಲ್ಲೇ ಇದ್ದವು. ಒಂದೇ ಒಂದು ಹೆಸರು ಮಾತ್ರ ಇರಲಿಲ್ಲ.

"ಏನಾಯ್ತೇ ಅಕ್ಕ, ಮುಖ ಹಾಗ್ಯಾಕೆ ಕೆಂಪಾಯ್ತು? ಮಾತ್ರೆ ತಗೊಂಡಿಲ್ವಾ?" ಎಂದ ಸಿಯಾಮಕ್.

ಅಂಗಾಲಿನಿಂದ ನೆತ್ತಿಯವರೆಗೆ ಬೆಂಕಿ ಹತ್ತಿದವರಿಗೆ ಮಾತ್ರೆಯ ನೆನಪು ಎಲ್ಲಿಂದ ಬರಬೇಕು?

ಮೆಹ್ರಿ ಈ ಇಬ್ಬರ ತಂಗಿ. ಬಮ್ ಊರಿಗೆ ಮದುವೆಯಾಗಿ ಹೋಗಿ ಮೂರು ತಿಂಗಳಾಗಿತ್ತು. ಒಂದು ಗುರುವಾರ ಸಂಜೆ ಫೋನು ಮಾಡಿ, "ಅಕ್ಕ, ಒಳ್ಳೇ ಖರ್ಜೂರ ತೆಗೆದಿಟ್ಟಿದೀನಿ, ಯಾವಾಗ ಬರ್ತೀಯಾ?" ಎಂದು ಕೇಳಿದ್ದಳು. "ಶುಕ್ರವಾರ ಬರ್ತೀನಿ ಕಣೆ. ನಾಳೆ ಮಧ್ಯಾಹ್ನ ಊಟಕ್ಕೆ ಅಲ್ಲೇ" ಎಂದಿದ್ದಳು ಫರ್ಖಂದೆ. ಶುಕ್ರವಾರ ಬೆಳಕು ಹರಿಯುವ ಮೊದಲೇ ಭೂಮಿ ನಡುಗಿ ಬಮ್ ಮಣ್ಣಾಯಿತು. ಫರ್ಖಂದೆ ಮಾತಿಗೆ ತಪ್ಪಲಿಲ್ಲ, ಮಧ್ಯಾಹ್ನಕ್ಕೇ ಹೋದಳು. ಊಟಕ್ಕೆ ಕರೆದವಳನ್ನು ಸಂಜೆ ಮಣ್ಣಿನಡಿಯಿಂದ ತೆಗೆದರು.

ಆಗ ದೇಶದಲ್ಲೆಲ್ಲ ಬ್ಲಾಗಿನ ಗಾಳಿ ಬೀಸುತ್ತಿತ್ತು. ಕಾಲೇಜು ಹುಡುಗಿಯರಿಂದ ಹಿಡಿದು ಮುಲ್ಲಾಗಳವರೆಗೆ ಎಲ್ಲರಿಗೂ ಒಂದೊಂದು. ಹೆಣ್ಣುಮಕ್ಕಳ ಶಾಲೆಯಲ್ಲಿ ರೇಖಾಗಣಿತ ಹೇಳಿಕೊಡುತ್ತಿದ್ದ ಫರ್ಖಂದೆಯೂ ಒಂದು ತೆರೆದಳು. ಹೆಸರು ಹಾಕಲಿಲ್ಲ, ಕೊನೆಯಲ್ಲಿ "ಅಕ್ಕ" ಎಂದಷ್ಟೇ ಬರೆದಳು. ಪ್ರತಿ ಶುಕ್ರವಾರ ಒಂದು ಬರಹ, ಪ್ರತಿ ಬರಹದ ಮೊದಲ ಸಾಲು ಅದೇ: "ಮೆಹ್ರಿ, ಬಂದೆ." ಆಮೇಲೆ ವಾರದ ಸುದ್ದಿ. ಅಮ್ಮ ತೀರಿಕೊಂಡದ್ದು, ಸಿಯಾಮಕನ ಹೆಂಡತಿ ಬಿಟ್ಟುಹೋದದ್ದು, ಹೆಡ್‌ಮೇಡಂ ಜೊತೆಗಿನ ಜಗಳ, ಮೊಣಕಾಲು ನೋವು, ಈ ಸಲದ ದಾಳಿಂಬೆ ಹುಳಿ ಎಂಬುದು. ಮೊದಲು ನೂರಾರು ಜನ ಓದಿದರು, "ಶುಕ್ರವಾರದ ಅಕ್ಕ" ಎಂದು ಕರೆದರು. ಆಮೇಲೆ ಜನ ಫೋನಿನ ಕಡೆ ಗುಳೆ ಹೋದರು. ಏಳೆಂಟು ಓದುಗರು ಉಳಿದರೂ ಅವಳು ಬಿಡಲಿಲ್ಲ. ಮಾತು ಕೊಟ್ಟಿದ್ದು ಓದುಗರಿಗಲ್ಲವಲ್ಲ. ಹೀಗೆ ಹದಿನೆಂಟು ವರ್ಷ.

ಎರಡು ವರ್ಷದ ಕೆಳಗೆ ಬ್ಲಾಗು ಇಟ್ಟಿದ್ದ ಕಂಪನಿ ಬಾಗಿಲು ಹಾಕುತ್ತೇವೆಂದು ತಿಳಿಸಿತು. ಒಂದು ತಿಂಗಳೊಳಗೆ ಅವರವರ ಬರಹ ಅವರವರು ತೆಗೆದುಕೊಳ್ಳಬೇಕಂತೆ. ಹೇಗೆಂದು ತಿಳಿಯದೆ ಅವಳು ಕೆಳಗಿನ ಮನೆಯ ಬೆಹ್ರಾದ್‌ನನ್ನು ಕರೆದಳು. ಕಂಪ್ಯೂಟರ್ ಎಂಜಿನಿಯರ್, ನಲವತ್ತರ ವಯಸ್ಸು, ಮಾತು ಜೇನುತುಪ್ಪ. ನಾಲ್ಕು ದಿನ ಬಿಟ್ಟು ಎಲ್ಲವನ್ನೂ ಪೆನ್‌ಡ್ರೈವಿನಲ್ಲಿ ಹಾಕಿ ತಂದುಕೊಟ್ಟು, "ಖಾನುಮ್, ಎರಡು ದಿನ ಆಫೀಸಿಗೆ ರಜೆ ಹಾಕಿ ಓದ್ದೆ. ಎಂಥಾ ಬರಹ!" ಎಂದ. ಅವಳಿಗೆ ನಾಚಿಕೆಯಾಗಿ, "ಅಯ್ಯೋ, ಅದೇನು ಮಹಾ. ನಿಮ್ಮದೇ ಅಂದ್ಕೊಳ್ಳಿ, ತಗೊಳ್ಳಿ" ಎಂದಿದ್ದಳು.

ನಮ್ಮಲ್ಲಿ ಇದನ್ನು ಹೇಳದವರು ಯಾರಿದ್ದಾರೆ? ನಿಮ್ಮ ಶಾಲು ಚೆನ್ನಾಗಿದೆ ಎಂದರೆ ನಿಮ್ಮದೇ ಎನ್ನುತ್ತೇವೆ. ಮಗು ಮುದ್ದಾಗಿದೆ ಎಂದರೂ ನಿಮ್ಮದೇ ಎನ್ನುತ್ತೇವೆ, ಯಾರೂ ಮಗುವನ್ನು ಎತ್ತಿಕೊಂಡು ಮನೆಗೆ ಹೋಗುವುದಿಲ್ಲ. ಟ್ಯಾಕ್ಸಿಯವನು ಸಹ ಬಾಡಿಗೆ ಬೇಡ ಎಂದೇ ಮೊದಲು ಹೇಳುವುದು. ಕೊಡುವವನು ಮೂರು ಸಲ ಕೊಡಬೇಕು, ಅಲ್ಲಿಯವರೆಗೆ ತೆಗೆದುಕೊಳ್ಳುವವನು ಬೇಡವೆನ್ನಬೇಕು, ಆಮೇಲೆಯೇ ಅದು ನಿಜವೋ ಬಾಯಿಮಾತೋ ಎಂದು ಇಬ್ಬರಿಗೂ ತಿಳಿಯುವುದು. ತಾಯಿಯ ಹಾಲಿನ ಜೊತೆ ಕುಡಿದ ಈ ಮರ್ಯಾದೆ ಬೆಹ್ರಾದ್‌ಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೆರಳು ತೋರಿಸಿದರೆ ಹಸ್ತ ನುಂಗುವವರಿಗೆ ಎಲ್ಲ ಗೊತ್ತಿರುತ್ತದೆ.

ಫರ್ಖಂದೆ ತಲೆವಸ್ತ್ರ ಎಳೆದುಕೊಂಡು, ಮೊಣಕಾಲು ನೋವನ್ನು ಲೆಕ್ಕಿಸದೆ ಮೆಟ್ಟಿಲಿಳಿದಳು. ಬೆಹ್ರಾದ್ ಬಾಗಿಲು ತೆರೆದವನು ಅವಳ ಕೈಯಲ್ಲಿದ್ದ ಪುಸ್ತಕ ನೋಡಿ ಒಂದು ಕ್ಷಣ ತಡವರಿಸಿ, ಎದೆಯ ಮೇಲೆ ಕೈಯಿಟ್ಟು ಬಾಗಿದ.

"ಬನ್ನಿ ಬನ್ನಿ ಫರ್ಖಂದೆ ಖಾನುಮ್! ನಿಮ್ಮ ಹೆಜ್ಜೆ ನನ್ನ ಕಣ್ಣ ಮೇಲಿರ್ಲಿ!"

"ಅಲ್ಲಿ ತುಳಿಯೋಕೇ ಬಂದಿದೀನಿ. ಇದೇನಿದು?"

"ನಾನೇ ಮೇಲೆ ಬಂದು ಒಂದು ಪ್ರತಿ ಕೊಡೋಣ ಅಂತಿದ್ದೆ..."

"ನನ್ನ ಬರಹ ನನಗೇ ದಾನ ಮಾಡೋಕಾ?"

"ಖಾನುಮ್, ನಾನು ಕೇಳಿದ್ನಾ? ನೀವಾಗೇ ಅಂದ್ರಿ, ನಿಮ್ಮದೇ, ತಗೊಳ್ಳಿ ಅಂತ. ದೊಡ್ಡೋರ ಮಾತು ಮೀರಬಾರ್ದಲ್ಲ?"

"ಟ್ಯಾಕ್ಸಿಯವನೂ ಬಾಡಿಗೆ ಬೇಡ ಅಂತಾನೆ. ಸಲಾಂ ಹೊಡ್ದು ಇಳ್ಕೊಂಡು ಹೋಗ್ತೀಯೇನೋ ನೀನು?"

ಇಷ್ಟು ದಿನ "ನೀವು" ಎಂದವಳ ಬಾಯಲ್ಲಿ "ನೀನು" ಬಂದದ್ದಕ್ಕೆ ಅವನ ನಗು ಸಣ್ಣಗಾಯಿತು.

"ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ. ಆ ಬ್ಲಾಗು ಈಗ ಎಲ್ಲಿದೆ? ಇಲ್ಲ. ಅದರ ಕೆಳಗೆ ನಿಮ್ಮ ಹೆಸರಾದ್ರೂ ಇತ್ತಾ? ಅದೂ ಇಲ್ಲ. ನಾನು ತೆಗೆದಿಡದೇ ಇದ್ದಿದ್ರೆ ಎಲ್ಲ ಗಾಳಿಪಾಲಾಗ್ತಿತ್ತು."

"ನನ್ನ ಹೆಸರಿನ ಮನೆ ಹಾಳಾಗ್ಲಿ. ಮೆಹ್ರಿ ಹೆಸರೆಲ್ಲಿ?"

"ಅದಾ? ಪ್ರಕಾಶಕರು ಒಪ್ಲಿಲ್ಲ. ಸತ್ತ ತಂಗಿಗೆ ಬರೆದಿದ್ದನ್ನ ಯಾರು ಓದ್ತಾರೆ ಖಾನುಮ್? ಜನಕ್ಕೆ ಪ್ರೇಯಸಿ ಬೇಕು. ಬರೀ ಒಂದು ಹೆಸರು ತಾನೇ ಬದಲಾಯ್ಸಿದ್ದು."

ಬರೀ ಒಂದು ಹೆಸರು! ಫರ್ಖಂದೆಯ ಕೈ ಎದ್ದಿತು. ಅವನ ಕೆನ್ನೆಗೂ ಅವಳ ಕೈಗೂ ನಡುವೆ ಅವನ ಹೆಂಡತಿ ಚಹಾದ ತಟ್ಟೆ ಹಿಡಿದು ಬಂದು, ಏನೂ ಅರಿಯದೆ ನಗುತ್ತ ನಿಂತಳು. ಕೈ ಕೆಳಗಿಳಿಯಿತು. ಭೂಕಂಪ ಮೆಹ್ರಿಯನ್ನು ಒಂದು ಸಲ ಹೂತಿತ್ತು. ಈ ನಯಗಾರ ಎರಡನೇ ಸಲ ಹೂತು, ಮೇಲೆ ಗುಲಾಬಿಗಿಡ ನೆಟ್ಟಿದ್ದ.

ಹೆಂಡತಿಯ ಎದುರು ಬೆಹ್ರಾದ್‌ನ ನಾಲಿಗೆ ಮತ್ತೆ ಜೇನಾಯಿತು. "ಈ ಶುಕ್ರವಾರ ಬಿಡುಗಡೆ ಇದೆ, ಪುಸ್ತಕದಂಗಡಿಯಲ್ಲೇ. ಖಂಡಿತ ಬರ್ಬೇಕು. ನಿಮ್ಮಿಂದ್ಲೇ ಸಭೆಗೆ ಕಳೆ." ಅವಳು ಬರಬಾರದೆಂದು ಅವನ ಕಣ್ಣು ಹೇಳುತ್ತಿತ್ತು. ಬಾಯಿಯೋ ಅಭ್ಯಾಸಬಲದಿಂದ ಕರೆದುಬಿಟ್ಟಿತು. ಫರ್ಖಂದೆ ಅವನ ಬಾಯಿಯನ್ನೇ ನೋಡಿದಳು.

"ಬರ್ತೀನಿ. ಶುಕ್ರವಾರ ಬರ್ತೀನಿ" ಎಂದಳು.

ಮೇಲೆ, ಮೆಟ್ಟಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದ ಸಿಯಾಮಕ್ ತಲೆ ಮೇಲೆ ಕೈಹೊತ್ತು ಕೂತಿದ್ದ. "ಬಿಡೇ ಅಕ್ಕ. ದಿನಾ ಮೆಟ್ಟಿಲ ಮೇಲೆ ಮುಖ ನೋಡ್ಬೇಕು. ಸಭೆಗೆ ಹೋಗಿ ಕಳ್ಳ ಕಳ್ಳ ಅಂತ ಕೂಗಿದ್ರೆ ಮುದುಕಿಗೆ ತಲೆ ಕೆಟ್ಟಿದೆ ಅಂತಾರೆ. ಆ ಪೆನ್‌ಡ್ರೈವೂ ಅವನೇ ತುಂಬಿಕೊಟ್ಟಿದ್ದು, ಇನ್ನು ಸಾಕ್ಷಿ ಏನಿದೆ ನಮ್ಮ ಹತ್ರ?"

"ಅವಳು ನಿನಗೂ ತಂಗಿ ಕಣೋ! ಹೆಗಲ ಮೇಲೆ ಕೂರಿಸ್ಕೊಂಡು ಬಜಾರೆಲ್ಲ ಸುತ್ತಿಸ್ತಿದ್ದೆ. ಇವತ್ತು ಅವಳನ್ನ ಯಾವನೋ ತನ್ನ ಪ್ರೇಯಸಿ ಮಾಡ್ಕೊಂಡಿದಾನೆ, ನೀನು ಮೆಟ್ಟಿಲ ಲೆಕ್ಕ ಹೇಳ್ತೀಯಾ?"

ಸಿಯಾಮಕ್ ಮುಖ ಆಚೆ ತಿರುಗಿಸಿದ. "ಏನ್ಮಾಡ್ತೀಯಾ ಹೋಗಿ?" ಎಂದ.

"ಕೂಗಲ್ಲ. ತುಂಬಾ ಮರ್ಯಾದೆಯಿಂದ ಇರ್ತೀನಿ."

ಶುಕ್ರವಾರ ಮಧ್ಯಾಹ್ನ ಪುಸ್ತಕದಂಗಡಿಯಲ್ಲಿ ಐವತ್ತು ಜನರಿದ್ದರು. ಮೇಜಿನ ಮೇಲೆ ಪುಸ್ತಕದ ರಾಶಿ, ಪಕ್ಕದಲ್ಲಿ ಖರ್ಜೂರ ತುಂಬಿದ ಬಿಸ್ಕತ್ತು, ಚಹಾ. ಬೆಹ್ರಾದ್ ಹೊಸ ಕೋಟು ಹಾಕಿಕೊಂಡು ಓದುತ್ತಿದ್ದ. ನಸ್ತರನ್ ಚಿಕ್ಕವಳಿದ್ದಾಗ ಪಿಸ್ತಾದ ಸಿಪ್ಪೆಯ ಉಪ್ಪು ನೆಕ್ಕಿ, ಸಿಪ್ಪೆಯನ್ನು ಮತ್ತೆ ಬಟ್ಟಲಿಗೇ ಹಾಕಿಡುತ್ತಿದ್ದಳು ಎಂಬಲ್ಲಿಗೆ ಜನ ನಕ್ಕರು. ಮೆಹ್ರಿಯ ಎಂಜಲು ಸಿಪ್ಪೆಗೆ ನಕ್ಕರು. ಕೊನೆಯ ಸಾಲಿನಲ್ಲಿ ಕೂತಿದ್ದ ಫರ್ಖಂದೆ ಎದ್ದು, ಊರುಗೋಲಿಲ್ಲದೆ ಮುಂದೆ ನಡೆದಳು. ನರೆತ ಕೂದಲಿನ ಹೆಂಗಸು ಬರುತ್ತಿರುವುದನ್ನು ನೋಡಿ ಜನ ದಾರಿ ಬಿಟ್ಟರು.

"ತುಂಬಾ ಚೆನ್ನಾಗಿದೆ ಎಂಜಿನಿಯರ್ ಸಾಹೇಬ್ರೆ, ಈ ಪುಸ್ತಕ" ಎಂದಳು, ಎಲ್ಲರಿಗೂ ಕೇಳುವಂತೆ.

ಐವತ್ತು ಜನ ಅವನ ಬಾಯಿ ನೋಡಿದರು. ಹಿರಿಯರು ಹೊಗಳಿದರೆ ಹೇಳಬೇಕಾದ್ದು ಒಂದೇ. ಬೆಹ್ರಾದ್‌ನ ಹಣೆ ಬೆವರಿತು. "ನಿಮ್ಮ ಮುಂದೆ ಇದೇನು ಖಾನುಮ್. ನಿಮ್ಮದೇ" ಎಂದ.

"ಛೆ ಛೆ, ಬೇಡಪ್ಪ. ನೀವು ಎಷ್ಟು ಕಷ್ಟಪಟ್ಟು ಬರ್ದಿದೀರಿ."

"ಇಲ್ಲ ಇಲ್ಲ... ನಿಮ್ಮದೇ ಅಂದ್ಕೊಳ್ಳಿ."

"ನಾನು ಹೇಗೆ ತಗೊಳ್ಲಿ? ಬೇಡ."

ಅಂಗಡಿಯವನು ಪ್ರೀತಿಯಿಂದ ನಗುತ್ತಿದ್ದ, ಇಂಥ ಮರ್ಯಾದೆ ಈಗಿನ ಕಾಲದಲ್ಲಿ ಎಲ್ಲಿ ಎನ್ನುವಂತೆ. ಬೆಹ್ರಾದ್ ಎದೆಯ ಮೇಲೆ ಕೈಯಿಟ್ಟುಕೊಂಡ. ಬೇರೆ ದಾರಿ ಇರಲಿಲ್ಲ.

"ದಯವಿಟ್ಟು... ತಗೊಳ್ಳಿ ಖಾನುಮ್. ನಿಮ್ಮದೇ."

"ತಗೊಂಡೆ" ಎಂದಳು ಫರ್ಖಂದೆ.

ಜನ ನಕ್ಕರು. ಅವಳು ನಗಲಿಲ್ಲ. "ಇವರು ಮೂರು ಸಲ ಕೊಟ್ಮೇಲೆ ನಾನು ತಗೊಂಡಿದೀನಿ, ಎಲ್ರೂ ಕೇಳಿದೀರಿ. ಇವರು ನನ್ನ ಹದಿನೆಂಟು ವರ್ಷದ ಬ್ಲಾಗನ್ನ ಮೊದಲ್ನೇ ಸಲಕ್ಕೇ ತಗೊಂಡ್ರು."

ಬೆಹ್ರಾದ್ ಗಂಟಲು ಸರಿಮಾಡಿಕೊಂಡು, "ನೋಡಿ, ಇವರು ವಯಸ್ಸಾದೋರು, ನಮ್ಮ ಬಿಲ್ಡಿಂಗಿನೋರೇ, ಸ್ವಲ್ಪ..." ಎನ್ನುತ್ತಿದ್ದ.

"ಪುಸ್ತಕ ಮುಚ್ಚು" ಎಂದಳು ಅವಳು. ಮೂವತ್ತು ವರ್ಷ ಹುಡುಗಿಯರನ್ನು ಕರಿಹಲಗೆಯ ಮುಂದೆ ನಿಲ್ಲಿಸಿದ ದನಿ ಅದು. ಅವನ ಕೈ ತಾನಾಗಿ ಮುಚ್ಚಿತು. "ಸಿಪ್ಪೆ ಬಟ್ಟಲಿಗೆ ಹಾಕ್ತಿದ್ಳು. ಆಮೇಲೆ? ಮುಂದಿನ ಸಾಲು ಹೇಳು."

ಬೆಹ್ರಾದ್‌ನ ಕಣ್ಣು ಹಲಗೆಯ ಮೇಲಿಲ್ಲದ ಉತ್ತರವನ್ನು ಹುಡುಕಿತು.

"ಅಪ್ಪ ಪ್ರತಿ ಸಲ ಖಾಲಿ ಸಿಪ್ಪೆ ಬಿಡಿಸಿ, ಪ್ರತಿ ಸಲ ಹೊಸದಾಗಿ ಬೈತಿದ್ರು" ಎಂದು ಅವಳು ಶುರುಮಾಡಿದಳು. "ನಾನು ಬೈಯ್ಲಿಲ್ಲ. ನನಗಂತಲೇ ಅವಳು ಎರಡು ತುಂಬಿದ ಪಿಸ್ತಾ ಅಡಿಯಲ್ಲಿ ಬಿಟ್ಟಿರ್ತಿದ್ಳು." ಅಂಗಡಿಯವನು ಒಂದು ಪ್ರತಿ ತೆರೆದು ಬೆರಳಿಟ್ಟು ನೋಡುತ್ತ ಬಂದ. ಒಂದು ಪುಟ ಮುಗಿಯಿತು, ಎರಡಾಯಿತು. ಅವಳು ಎಲ್ಲೂ ತಡವರಿಸಲಿಲ್ಲ. ಅವನು ಪುಸ್ತಕದಿಂದ ತಲೆಯೆತ್ತಿ ಬೆಹ್ರಾದ್‌ನನ್ನು ನೋಡಿ, ಅವನ ಹಿಂದಿನ ಕುರ್ಚಿಯನ್ನು ಎಳೆದು ಫರ್ಖಂದೆಯ ಕಡೆ ತಿರುಗಿಸಿದ. ಸಿಯಾಮಕ್ ಗೋಡೆಗೆ ಒರಗಿ ನಿಂತು ಅಳುತ್ತಿದ್ದ.

ಫರ್ಖಂದೆ ಕೂತು, ಚೀಲದಿಂದ ತಿದ್ದುವ ಕೆಂಪು ಪೆನ್ನು ತೆಗೆದಳು. ಮೊದಲ ಪ್ರತಿ ಎಳೆದುಕೊಂಡು "ನಸ್ತರನ್" ಎಂಬುದರ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೀಟು ಹಾಕಿ, ಮೇಲೆ "ಮೆಹ್ರಿ" ಎಂದು ಬರೆದಳು. ಮುಂದಿನ ಪುಟ. ಅದರ ಮುಂದಿನದು. ಕೊಂಡವರು ಒಬ್ಬೊಬ್ಬರಾಗಿ ತಮ್ಮ ಪ್ರತಿಗಳನ್ನು ಹಿಡಿದು ಮೇಜಿನ ಮುಂದೆ ನಿಂತರು.

"ಖಾನುಮ್, ಮೆಹ್ರಿ ಅಂದ್ರೆ ಯಾರು?" ಎಂದು ಮುಂದಿದ್ದ ಹುಡುಗಿ ಮೆಲ್ಲಗೆ ಕೇಳಿದಳು.

"ನನ್ನ ತಂಗಿ" ಎಂದಳು ಫರ್ಖಂದೆ, ತಲೆಯೆತ್ತದೆ ಗೀಟು ಹಾಕುತ್ತ. "ಶುಕ್ರವಾರ ಬರ್ತೀನಿ ಅಂದಿದ್ದೆ."